ಬ್ಯಾಂಡಿನ ಲಾರಿ ಮತ್ತು ನರಹರಿರಾಯರ ಭವಿಷ್ಯ

ಮದುವೆ ಗೊತ್ತಾದ ಡ್ರೈವರನ ಕೈಯಲ್ಲಿ ಲಾರಿಯ ಕ್ಲಚ್ ಪ್ಲೇಟು ಎರಡು ತಿಂಗಳು ಮೊದಲೇ ಸವೆಯುತ್ತದೆ ಎಂಬುದು ನರಹರಿರಾಯ ಗಲಗಲಿಯವರ ಸಿದ್ಧಾಂತಗಳಲ್ಲಿ ಮೊದಲನೆಯದು. ಹೆಂಡತಿ ತವರಿಗೆ ಹೋದವನ ಕೈಯಲ್ಲಿ ಬ್ರೇಕು ಬೇಗ ಹೋಗುತ್ತದೆ ಎಂಬುದು ಎರಡನೆಯದು. ಇಂಥವು ಅವರ ಹತ್ತಿರ ಬುಟ್ಟಿಗಟ್ಟಲೆ ಇದ್ದವು. ಕೇಳುವ ಕಿವಿ ಸಿಕ್ಕರೆ ಸಾಕು, ಬುಟ್ಟಿ ಬರಿದಾಗುವ ತನಕ ಬಿಡುತ್ತಿರಲಿಲ್ಲ. ಕಿವಿ ಸಿಗದಿದ್ದರೆ ಜೀಪಿನ ಬಾನೆಟ್ಟಿಗೇ ಹೇಳುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾಸಿಕದ ಹೊರಗೆ, ಫಿರಂಗಿ ಹಾರಿಸುವ ಸದ್ದು ದಿನಾ ಕೇಳುವಷ್ಟು ದೂರದಲ್ಲಿ, ಸೈನ್ಯದ ಗಾಡಿಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪ್ ಇತ್ತು. ಕೆಟ್ಟ ಗಾಡಿಯನ್ನು ಸರಿಮಾಡಲು ಅಲ್ಲಿ ನೂರಾರು ಜನ. ಗಾಡಿ ಕೆಡುವ ಮೊದಲೇ ಅದರ ಯಾವ ಭಾಗ ಯಾವಾಗ ಕೈಕೊಡುತ್ತದೆ ಎಂದು ಹೇಳಲಿಕ್ಕೆ ಇದ್ದವರು ನರಹರಿರಾಯರೊಬ್ಬರೇ. ಊರು ಬಾಗಲಕೋಟೆ ಕಡೆ, ಸಮವಸ್ತ್ರವಿಲ್ಲದ ಸಿವಿಲಿಯನ್ ನೌಕರ, ತಗಡಿನ ಛಾವಣಿಯ ಒಂದು ಕೋಣೆ, ಬಾಗಿಲಿಗೆ ‘ಪೂರ್ವಸೂಚನಾ ವಿಭಾಗ’ ಎಂಬ ಹಿಂದಿ ಫಲಕ. ವಿಭಾಗ ಎಂದರೆ ಅವರೇ. ಫಲಕ ಬರೆಸಿದವರೂ ಅವರೇ.

ಕೊಚ್ಚಿಕೊಳ್ಳುತ್ತಿದ್ದರು ನಿಜ. ಆದರೆ ಕೆಲಸ ಸುಳ್ಳಲ್ಲ. ಯಾವ ಗಾಡಿ ಫಿರಂಗಿ ಮೈದಾನದ ಧೂಳಿನಲ್ಲಿ ಓಡುತ್ತದೆ, ಯಾವುದು ಡಾಂಬರು ರಸ್ತೆಯಲ್ಲಿ ಸಾಹೇಬರ ಮಕ್ಕಳನ್ನು ಶಾಲೆಗೆ ಬಿಡುತ್ತದೆ, ಯಾವ ಪಂಪು ಯಾವ ಕಂತಿನಲ್ಲಿ ಬಂತು, ಅದೇ ಕಂತಿನ ಬೇರೆ ಪಂಪುಗಳು ಬೇರೆ ಊರಲ್ಲಿ ಎಷ್ಟು ಓಡಿ ಕುಸಿದವು, ಎಲ್ಲವನ್ನೂ ಕೂಡಿ ಕಳೆದು, ಕಣ್ಣು ಮುಚ್ಚಿ, ಮೂಗು ತುರಿಸಿಕೊಂಡು, ಇಂಥ ಹೊತ್ತಿಗೆ ಇದು ಹೋಗುತ್ತದೆ ಎನ್ನುತ್ತಿದ್ದರು. ದಸರೆಯಲ್ಲಿ ಖಂಡೇನವಮಿ ಪೂಜೆಗೆ ಗಾಡಿಗಳಿಗೆಲ್ಲ ಚೆಂಡುಹೂವಿನ ಹಾರ ಹಾಕುತ್ತಾರಲ್ಲ, ಆ ಹೂವಿನ ಎಸಳು ರೇಡಿಯೇಟರಿನ ಸಂದಿಯಲ್ಲಿ ಸಿಕ್ಕಿ ದೀಪಾವಳಿ ಹೊತ್ತಿಗೆ ಇಂಜಿನ್ನು ಕಾಯುತ್ತದೆ ಎಂದು ಕಂಡುಹಿಡಿದವರು ಅವರೇ. ಪ್ರತಿವರ್ಷ ದಸರೆ ಮರುದಿನ ಚಿಮಟಿಗೆ ಹಿಡಿದು ಗಾಡಿಯಿಂದ ಗಾಡಿಗೆ ಓಡಾಡುವ ಅವರನ್ನು ನೋಡಿ ಹೊಸ ಸೈನಿಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಲಿ ಬಿಡಿ, ಗಾಡಿ ಕಾಯುತ್ತಿರಲಿಲ್ಲ.

ಸಾತಪುರದಲ್ಲಿ ಅವರ ಬಾಡಿಗೆ ಮನೆ. ಅಕ್ಕಪಕ್ಕದವರೆಲ್ಲ ಕಾರ್ಖಾನೆಯ ಪಾಳಿ ಕೆಲಸದವರು. ಅವರ ಹೆಂಡಂದಿರು ಮಿಕ್ಸರು, ಕುಕ್ಕರು, ಹೊಲಿಗೆ ಯಂತ್ರ ಹೊತ್ತು ತಂದು, ಕಾಕಾ, ಇದು ಯಾವಾಗ ಕೆಡುತ್ತದೆ ಹೇಳಿ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಕಾಕಾ ಹೇಳುತ್ತಿದ್ದರು. ಒಮ್ಮೊಮ್ಮೆ ನಿಜವೂ ಆಗುತ್ತಿತ್ತು. ಆದರೆ ಕಾಕಾನ ಸ್ವಂತ ಮೊಪೆಡ್ ಮಾತ್ರ ವಾರಕ್ಕೆರಡು ಸಲ ಹೇಳದೆ ಕೇಳದೆ ನಿಂತುಬಿಡುತ್ತಿತ್ತು. ಸಾತಪುರದ ರಸ್ತೆಯಲ್ಲಿ ಮೊಪೆಡ್ ತಳ್ಳುತ್ತ, ಬೆವರೊರೆಸುತ್ತ, ಎದುರು ಸಿಕ್ಕವನ ಸ್ಕೂಟರಿನ ಭವಿಷ್ಯ ಹೇಳುತ್ತ ಬರುವ ನರಹರಿರಾಯರನ್ನು ಕಾಣದವರು ಆ ಬಡಾವಣೆಯಲ್ಲೇ ಇರಲಿಲ್ಲ.

ಅವರ ಹೆಂಡತಿ ಸಾವಿತ್ರಿಬಾಯಿ. ಗಂಡನ ವರ್ಗಾವಣೆಯ ಹಿಂದೆ ಊರೂರು ಸುತ್ತಿ, ಟ್ರಂಕು ಕಟ್ಟಿ ಬಿಚ್ಚಿ, ಆಕೆಗೆ ಸಾಕುಸಾಕಾಗಿತ್ತು. ನಾಸಿಕಕ್ಕೆ ಬಂದ ವರ್ಷವೇ ಹಿತ್ತಲಲ್ಲಿ ಒಂದು ದ್ರಾಕ್ಷಿ ಬಳ್ಳಿ ನೆಟ್ಟಿದ್ದಳು. ಅದಕ್ಕೆ ಚಪ್ಪರ ಹಾಕಿ, ಕತ್ತರಿಸಿ, ಬೇವಿನ ಹಿಂಡಿ ಹಾಕಿ, ಮಾತಾಡಿಸಿ, ಬೈದು, ಅಂತೂ ಈ ಚಳಿಗಾಲಕ್ಕೆ ಮೊದಲ ಸಲ ಹಸಿರು ಗೊಂಚಲು ಬಿಟ್ಟಿತ್ತು. ದಿನಾ ಬೆಳಿಗ್ಗೆ ಚಹಾ ಲೋಟ ಹಿಡಿದು ಅದರ ಕೆಳಗೆ ನಿಲ್ಲುವಾಗ ಸಾವಿತ್ರಿಬಾಯಿಯ ಮುಖ ನೋಡಬೇಕಿತ್ತು.

ಇಂಥ ಸುಖದ ನಡುವೆ ಹೊಸ ಕರ್ನಲ್ ಸಾಹೇಬರು ಬಂದರು.

ಉತ್ತರದ ಕಡೆಯವರು, ಎತ್ತರದ ಆಳು, ಎಲ್ಲದಕ್ಕೂ ಪುರಾವೆ ಕೇಳುವ ಸ್ವಭಾವ. ಬಂದ ವಾರದಲ್ಲೇ ನರಹರಿರಾಯರನ್ನು ಕರೆಸಿ ಹಿಂದಿಯಲ್ಲಿ ಕೇಳಿದರು. “ನಿಮ್ಮ ಮಾತು ಕೇಳಿ ನಾವು ಎಷ್ಟೋ ಚೆನ್ನಾಗಿರುವ ಸಾಮಾನು ಬಿಚ್ಚಿ ಬಿಸಾಕಿದ್ದೇವೆ. ನೀವು ಹೇಳಿದ ಹಾಗೆಯೇ ಕೆಟ್ಟ ಒಂದು ಗಾಡಿ ತೋರಿಸಿ.”

“ಹೇಗೆ ತೋರಿಸಲಿ ಸಾಹೇಬ್? ನಾನು ಹೇಳಿದ ತಕ್ಷಣ ಬದಲಿಸುತ್ತಾರೆ. ಬದಲಿಸಿದ ಮೇಲೆ ಕೆಡುವುದಿಲ್ಲ.”

“ನಮ್ಮ ಮನೆ ಬಾಗಿಲಿಗೆ ನನ್ನ ಹೆಂಡತಿ ನಿಂಬೆಹಣ್ಣು ಕಟ್ಟಿದ್ದಾಳೆ,” ಎಂದರು ಕರ್ನಲ್. “ಇವತ್ತಿನ ತನಕ ಮನೆಗೆ ಸಿಡಿಲು ಬಡಿದಿಲ್ಲ. ಆ ನಿಂಬೆಹಣ್ಣಿಗೂ ಒಂದು ವಿಭಾಗ, ಒಂದು ಫಲಕ ಕೊಡಲೇ?”

ಇಂಥ ಮಾತಿಗೆ ಬುದ್ಧಿವಂತ ನೌಕರನಾದವನು ತಲೆ ತಗ್ಗಿಸಿ, ಹಲ್ಲು ಕಿರಿದು, ಹೊರಗೆ ಬಂದು ಬೈದುಕೊಳ್ಳಬೇಕು. ನರಹರಿರಾಯರಿಗೆ ಮೂಗಿನ ತುದಿಯಲ್ಲೇ ಕೋಪ. ಕಿಟಕಿಯಾಚೆ ನಿಂತಿದ್ದ ಒಂದು ಲಾರಿಗೆ ಬೆರಳು ತೋರಿಸಿದರು. ಮುಂದಿನ ವಾರ ಔರಂಗಾಬಾದಿನ ದಂಡು ಪ್ರದೇಶದಲ್ಲಿ ಸಮಾರಂಭ, ಸೈನ್ಯದ ಬ್ಯಾಂಡು ಅಲ್ಲಿಗೆ ಹೋಗುವುದು ಅದೇ ಲಾರಿಯಲ್ಲಿ. “ಅದರ ಡೀಸೆಲ್ ಪಂಪು ಮುಗಿದಿದೆ ಸಾಹೇಬ್. ಒಳಗಿನ ರಬ್ಬರಿನ ಪರದೆ ಹರಿಯುವುದಕ್ಕೆ ಕಾದಿದೆ. ಬದಲಿಸದಿದ್ದರೆ ಲಾರಿ ಔರಂಗಾಬಾದ್ ಮುಟ್ಟುವುದಿಲ್ಲ.”

ಕರ್ನಲ್ ಸಾಹೇಬರ ಕಣ್ಣು ಮಿನುಗಿತು. “ಆಯಿತು. ಬದಲಿಸಬೇಡಿ. ಬೇರೆ ಪಂಪು ಜೊತೆಗೂ ಇಡಬೇಡಿ. ನಾನೂ ಅದರಲ್ಲೇ ಕೂತು ಬರುತ್ತೇನೆ. ದಾರಿಯಲ್ಲಿ ನಿಂತರೆ ನಿಮ್ಮ ವಿಭಾಗ ಇರುತ್ತದೆ. ಔರಂಗಾಬಾದ್ ಮುಟ್ಟಿದರೆ ತಿಂಗಳ ಕೊನೆಗೆ ಮುಚ್ಚುತ್ತೇನೆ. ಈಶಾನ್ಯದ ಡಿಪೋದಲ್ಲಿ ಗುಮಾಸ್ತರು ಬೇಕಂತೆ, ಅಲ್ಲಿಗೆ ಹೋಗಿ.”

ನರಹರಿರಾಯರು ಹೊರಗೆ ಬಂದು ಮರದ ಕೆಳಗೆ ಕೂತರು. ತಾನು ಏನು ಮಾತಾಡಿಬಂದೆ ಎಂಬುದು ಆಗ ತಲೆಗೆ ಹತ್ತಿತು.

ಮನೆಯಲ್ಲಿ ಸುದ್ದಿ ಹೇಳಿದಾಗ ಸಾವಿತ್ರಿಬಾಯಿ ಕೂಗಾಡಲಿಲ್ಲ. ಅದೇ ಅವರಿಗೆ ಹೆದರಿಕೆ ತಂದಿತು.

“ನಾ ಎಲ್ಲಿಗೂ ಬರೂದಿಲ್ಲ,” ಎಂದಳು. “ದ್ರಾಕ್ಷಿ ಬಳ್ಳಿ ಟ್ರಂಕಿನ್ಯಾಗ ಮಡಿಚಿ ಇಡಲಿಕ್ಕೆ ಬರೂದಿಲ್ಲ. ಆ ಗಾಡಿ ಕೆಡ್ತದೇನು ಅಷ್ಟು ಹೇಳ್ರಿ.”

“ಕೆಡ್ತದ. ನಾ ಹೇಳೀನಲ್ಲ.”

“ನೀವು ಹೇಳಿದ್ದು ಇರಲಿ. ನಿನ್ನಿ ನಿಮ್ಮ ಮೊಪೆಡ್ ಎಲ್ಲಿ ನಿಂತಿತ್ತು?”

ನರಹರಿರಾಯರು ಕೈಕಾಲು ತೊಳೆಯಲು ಹೋದರು.

ಮರುದಿನದಿಂದ ಸಾವಿತ್ರಿಬಾಯಿ ಮಾರುತಿ ಗುಡಿಗೆ ಪ್ರದಕ್ಷಿಣೆ ಶುರುಮಾಡಿದಳು. ಹರಕೆ ಸ್ವಲ್ಪ ಕಷ್ಟದ್ದೇ ಆಗಿತ್ತು. ಮಾರುತಿರಾಯಾ, ಸರಕಾರದ ಲಾರಿ ಕೆಡಲಿ. ಆದರೆ ಯಾರಿಗೂ ಪೆಟ್ಟಾಗದಿರಲಿ. ಬಿಸಿಲಲ್ಲಿ ಕೆಡದಿರಲಿ, ನೆರಳಿದ್ದಲ್ಲಿ ಕೆಡಲಿ, ಸನಿಹದಲ್ಲಿ ಒಂದು ಚಹಾದಂಗಡಿ ಇರಲಿ. ದೇವರಿಗೂ ಇಷ್ಟು ಕರಾರು ಹಾಕಿದರೆ ಆತನಾದರೂ ಏನು ಮಾಡಬೇಕು! ಬರೀ ದೇವರನ್ನು ನೆಚ್ಚಿ ಕೂರುವ ಹೆಂಗಸೂ ಅವಳಲ್ಲ. ವರ್ಕ್‌ಶಾಪಿನ ಫಿಟರ್ ಮುದ್ದಣ್ಣ, ಗೋಕಾಕದವನು, ಮನೆಗೆ ಬಂದುಹೋಗುವ ಸಲಿಗೆಯವನು. ಅವನನ್ನು ಕರೆದು ಬಿಸಿ ಶೇಂಗಾ ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದು ವಿಷಯ ಹೇಳಿದಳು.

“ನೀವೇನ ಚಿಂತಿ ಮಾಡಬ್ಯಾಡ್ರಿ ವೈನಿ,” ಎಂದ ಮುದ್ದಣ್ಣ, ಬಾಯಿತುಂಬ ಹೋಳಿಗೆ ಇಟ್ಟುಕೊಂಡು. “ಆ ಪಂಪ್ ಯಾರೂ ಬದಲಿ ಮಾಡದಂಗ ನಾ ಕಾಯ್ತೀನಿ. ರಾಯರು ಹೇಳ್ಯಾರಂದ್ರ ಅದು ಕೆಟ್ಟಂಗ ಲೆಕ್ಕ.”

ಇತ್ತ ನರಹರಿರಾಯರ ಸ್ಥಿತಿ ಯಾರಿಗೂ ಬೇಡ. ಇಷ್ಟು ವರ್ಷ ಗಾಡಿ ಕೆಡಬಾರದು ಎಂದು ಬದುಕಿದ ಮನುಷ್ಯ ಈಗ ಒಂದು ಗಾಡಿ ಕೆಡಲಿ ಎಂದು ಕಾಯಬೇಕಾಗಿತ್ತು. ಆ ಲಾರಿಯ ಹತ್ತಿರ ಹಾದಾಗಲೆಲ್ಲ ಅದಕ್ಕೆ ಮುಖ ತೋರಿಸಲು ನಾಚಿಕೆಯಾಗಿ ಬೇರೆ ಕಡೆ ನೋಡುತ್ತಿದ್ದರು. ಹೊರಡುವ ಹಿಂದಿನ ದಿನ ಇನ್ನೊಂದು ಸುದ್ದಿ ಬಂತು. ಸಮಾರಂಭಕ್ಕೆ ಜನರಲ್ ಸಾಹೇಬರೇ ಬರುತ್ತಾರಂತೆ, ಬ್ಯಾಂಡಿನ ಸಂಗೀತವೆಂದರೆ ಅವರಿಗೆ ಪ್ರಾಣವಂತೆ. ಕರ್ನಲ್ ಸಾಹೇಬರು ಅಂದು ಊಟಕ್ಕೂ ಹೋಗದೆ ವರಾಂಡದಲ್ಲಿ ಶತಪಥ ಹಾಕುತ್ತಿದ್ದುದನ್ನು ಎಲ್ಲರೂ ನೋಡಿದರು. ಪಣ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ಎಷ್ಟೆಂದರೂ ಕರ್ನಲ್.

ಬೆಳಿಗ್ಗೆ ಲಾರಿ ಹೊರಟಿತು. ಮುಂದೆ ಡ್ರೈವರ್ ಲಾಲಸಾಬ, ಇಳಕಲ್ಲಿನವನು, ಅವನ ಪಕ್ಕ ಕರ್ನಲ್ ಸಾಹೇಬರು. ಹಿಂದೆ ಕೆಂಪು ಅಂಗಿ, ಬಿಳಿ ಪಟ್ಟಿಯ ಬ್ಯಾಂಡಿನವರು, ಅವರ ತುತ್ತೂರಿ, ಕೊಳಲು, ತಾಳ, ಡೋಲುಗಳು. ಆ ಹಿತ್ತಾಳೆಯ ರಾಶಿಯ ನಡುವೆ ಮಂಡಿ ಮಡಚಿಕೊಂಡು ನರಹರಿರಾಯರು, ಅವರೆದುರು ಮುದ್ದಣ್ಣ. ಮುದ್ದಣ್ಣ ಆಗಾಗ ಕಣ್ಣು ಮಿಟುಕಿಸುತ್ತಿದ್ದ. ಯಾಕೆಂದು ರಾಯರಿಗೆ ತಿಳಿಯಲಿಲ್ಲ, ಕಣ್ಣಿಗೆ ಧೂಳು ಬಿದ್ದಿರಬೇಕು ಅಂದುಕೊಂಡರು.

ಲಾರಿ ಓಡಿತು. ಹೇಗೆ ಓಡಿತು ಅಂತೀರಿ! ಕೊಂಡ ದಿನವೂ ಅದು ಅಷ್ಟು ಚೆನ್ನಾಗಿ ಓಡಿರಲಿಕ್ಕಿಲ್ಲ. ಒಂದು ಕೆಮ್ಮಿಲ್ಲ, ಒಂದು ಬಿಕ್ಕಿಲ್ಲ. ದ್ರಾಕ್ಷಿ ತೋಟಗಳು, ಈರುಳ್ಳಿ ಹೊಲಗಳು ಸರಸರನೆ ಹಿಂದೆ ಹೋದವು. ಗುಂಡಿಗೆ ಬಿದ್ದು ಲಾರಿ ಎತ್ತಿಹಾಕಿದಾಗ ನರಹರಿರಾಯರು ಆಸೆಯಿಂದ ಅರ್ಧ ಎದ್ದು ನಿಲ್ಲುತ್ತಿದ್ದರು. ಲಾರಿ ಮತ್ತೆ ಗುನುಗುತ್ತ ಮುಂದೆ ಹೋದಾಗ ಕೂರುತ್ತಿದ್ದರು. ಹೀಗೆ ಎದ್ದು ಕೂತು ಮಾಡುವ ಈ ಸಿವಿಲಿಯನ್ ಮನುಷ್ಯ ವ್ಯಾಯಾಮ ಮಾಡುತ್ತಿದ್ದಾನೆ ಎಂದು ತುತ್ತೂರಿಯವನು ತಿಳಿದುಕೊಂಡ.

ಪಕ್ಕದಲ್ಲಿ ದೊಡ್ಡ ಡೋಲನ್ನು ಮಗುವಿನಂತೆ ತಬ್ಬಿ ಕೂತಿದ್ದವನು ರಾಚಪ್ಪ. ಕನ್ನಡದವರು ಸಿಕ್ಕರಲ್ಲ ಎಂಬ ಖುಷಿಗೆ ಹೊರಟಾಗಿನಿಂದ ಅವನ ಬಾಯಿ ನಿಂತಿರಲಿಲ್ಲ.

“ನಮ್ಮವ್ವ ಖುಲ್ತಾಬಾದದಾಗ ರಸ್ತೆ ಕೆಲಸಕ್ಕ ಬಂದಾಳ್ರಿ,” ಎಂದ. “ಹನುಮವ್ವ ಅಂತ. ಮಣ್ಣು ಹೊರತಾಳ್ರಿ. ನಾ ಡೋಲು ಬಾರಸೂದು ಆಕಿ ಒಮ್ಮಿನೂ ನೋಡಿಲ್ರಿ. ಇವತ್ತ ರಜಾ ಹಾಕಿ ಔರಂಗಾಬಾದಕ್ಕ ಬರತಾಳ್ರಿ. ಗೇಟಿನ ಹೊರಗ ನಿಂತು ನೋಡ್ತೀನಿ ಅಂದಾಳ.”

“ಒಳಗ ಬಿಡೂದಿಲ್ಲೇನು?”

“ಬಿಡೂದಿಲ್ರಿ. ಬೇಲಿ ಹೊರಗ ನಿಂತ್ರೂ ಡೋಲಿನ ಸಪ್ಪಳ ಕೇಳತೈತಲ್ರಿ. ಹೊಸಾ ಸೀರಿ ತಗೊಂಡಾಳಂತ ಅದಕ್ಕ.”

ನರಹರಿರಾಯರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಲಾರಿ ದಾರಿಯಲ್ಲಿ ನಿಂತರೆ ಬೇರೆ ಪಂಪು ಇಲ್ಲ. ನಾಸಿಕದಿಂದ ಬೇರೆ ಗಾಡಿ ಬರಬೇಕು, ಅಷ್ಟರಲ್ಲಿ ಸಮಾರಂಭ ಮುಗಿದಿರುತ್ತದೆ. ಹೊಸ ಸೀರೆಯುಟ್ಟ ಮುದುಕಿಯೊಬ್ಬಳು ಬೇಲಿ ಹಿಡಿದು ನಿಂತಿದ್ದಾಳೆ, ಡೋಲು ಬರುವುದೇ ಇಲ್ಲ. ಅದನ್ನು ಮನಸ್ಸಿನಿಂದ ಅಳಿಸಲು ಹಿತ್ತಲ ದ್ರಾಕ್ಷಿ ಬಳ್ಳಿಯನ್ನು ನೆನೆಸಿಕೊಂಡರು, ಸಾವಿತ್ರಿಬಾಯಿಯ ಮುಖ ನೆನೆಸಿಕೊಂಡರು, ಈಶಾನ್ಯದ ಡಿಪೋದ ಮಳೆ ನೆನೆಸಿಕೊಂಡರು. ಆದರೂ ಆ ಮುದುಕಿ ಬೇಲಿ ಬಿಟ್ಟು ಕದಲಲಿಲ್ಲ. ನೋಡಿದರೆ, ಇವರು ಎಂದೂ ಕಾಣದ ಹೆಂಗಸು.

ಚಾಂದವಡದಲ್ಲಿ ಚಹಾಕ್ಕೆಂದು ಲಾರಿ ನಿಂತಿತು. ಅಂದರೆ ಲಾಲಸಾಬ ನಿಲ್ಲಿಸಿದ, ಲಾರಿಗೆ ನಿಲ್ಲುವ ಮನಸ್ಸೇ ಇರಲಿಲ್ಲ. ಹೆದ್ದಾರಿಯ ಪಕ್ಕ ಬೇವಿನ ಮರ, ಅದರ ಕೆಳಗೆ ಅಂಗಡಿ, ಎದುರಿಗೆ ಈರುಳ್ಳಿ ತುಂಬಿದ ಲಾರಿಗಳ ಸಾಲು, ಆಚೆ ಎರಡು ಗ್ಯಾರೇಜು. ನರಹರಿರಾಯರು ಹಾರಿ ಇಳಿದು ನೇರ ಕರ್ನಲ್ ಸಾಹೇಬರ ಮುಂದೆ ನಿಂತರು. ಸಾಹೇಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು.

“ಸಾಹೇಬ್, ನಾನು ಸೋತೆ,” ಎಂದರು.

ಬಿಸ್ಕತ್ತು ಚಹಾದಲ್ಲಿ ಬಿತ್ತು. “ಏನು?”

“ವಿಭಾಗ ಮುಚ್ಚಿಬಿಡಿ. ಈ ಪಂಪು ಮುಂದಿನ ಏರಿನಲ್ಲಿ ಖಂಡಿತ ಕೈಕೊಡುತ್ತದೆ. ಗೊತ್ತಿದ್ದೂ ಕೆಡಲಿಕ್ಕೆ ಬಿಡುವುದು ನನ್ನಿಂದ ಆಗುವುದಿಲ್ಲ. ಎದುರಿನ ಗ್ಯಾರೇಜಿನಲ್ಲಿ ಇಂಥದೇ ಪಂಪು ಸಿಗುತ್ತದೆ. ಬದಲಿಸೋಣ. ಬ್ಯಾಂಡು ಹೊತ್ತಿಗೆ ಸರಿಯಾಗಿ ಮುಟ್ಟಬೇಕು.”

ಸಾಯುವ ತನಕ ಇನ್ನೊಂದು ಅವಕಾಶ ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಇಷ್ಟು ವರ್ಷದ ಭವಿಷ್ಯಗಳಲ್ಲಿ ಒಂದಾದರೂ ಕಣ್ಣೆದುರು ನಿಜವಾಗುವುದನ್ನು ನೋಡುವ ಆಸೆ ಎಷ್ಟಿತ್ತೆಂದರೆ, ಅದನ್ನು ಬಿಟ್ಟುಕೊಡುವಾಗ ಕಣ್ಣಲ್ಲಿ ನೀರೇ ಬಂದಿತ್ತು.

ವಿಚಿತ್ರವೆಂದರೆ ಕರ್ನಲ್ ಸಾಹೇಬರು ಖುಷಿಪಡಲಿಲ್ಲ. “ಬೇಡ ಬೇಡ,” ಎಂದು ಗಡಿಬಿಡಿಯಿಂದ ಎದ್ದರು. “ಬಾನೆಟ್ ತೆಗೆಯುವುದು ಬೇಡ. ಹೀಗೇ ಹೋಗೋಣ.” ಲಾಲಸಾಬನೂ “ಬ್ಯಾಡ್ರಿ ರಾಯರ, ಗಾಡಿ ಚಲೋನ ಐತ್ರಿ,” ಎಂದು ಅಡ್ಡ ಬಂದ. ಮುದ್ದಣ್ಣನಂತೂ ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತೇಬಿಟ್ಟ. ಮೂವರಿಗೂ ಒಟ್ಟಿಗೆ ಏನಾಯಿತೆಂದು ನರಹರಿರಾಯರಿಗೆ ಅರ್ಥವಾಗಲಿಲ್ಲ. ಮುದ್ದಣ್ಣನನ್ನು ಪಕ್ಕಕ್ಕೆ ಸರಿಸಿ ಬಾನೆಟ್ ಎತ್ತಿದರು.

ಇಂಜಿನ್ನಿನ ಪಕ್ಕದಲ್ಲಿ, ಎಣ್ಣೆ ಜಿಡ್ಡಿನ ನಡುವೆ, ಬೆಳ್ಳಿಯ ಕುಂಕುಮದ ಭರಣಿಯ ಹಾಗೆ ಫಳಫಳ ಹೊಳೆಯುತ್ತ ಒಂದು ಹೊಚ್ಚಹೊಸ ಪಂಪು ಕೂತಿತ್ತು.

ಈರುಳ್ಳಿ ಲಾರಿಯವರೂ ಬಗ್ಗಿ ನೋಡತೊಡಗಿದರು.

“ತಪ್ಪಾತ್ರಿ ರಾಯರ,” ಎಂದು ಲಾಲಸಾಬ ಮೊದಲು ಬಾಯಿಬಿಟ್ಟ. “ನಿನ್ನಿ ಮುಂಜಾನಿ ನಾನ ಹೊಸಾದು ಹಾಕೀನ್ರಿ. ನೀವು ಕೆಡತೈತಿ ಅಂದಮ್ಯಾಲ ನನ್ನ ಕೈಗೆ ಸ್ಟೇರಿಂಗ್ ಹಿಡಿಯಾಕ ಧೈರ್ಯ ಆಗಲಿಲ್ರಿ. ಹಳೇದು ಗುಜರಿ ರಾಶಿಗೆ ಒಗದೀನ್ರಿ.”

“ಇಲ್ರಿ,” ಎಂದ ಮುದ್ದಣ್ಣ ತಲೆ ಕೆರೆಯುತ್ತ. “ನಿನ್ನಿ ಮಧ್ಯಾಹ್ನ ನಾ ನೋಡಿದ್ರ ಹೊಸಾದು ಇತ್ತು. ನನಗ ಸಿಟ್ಟು ಬಂತು. ಬಿಚ್ಚಿ, ಗುಜರಿ ರಾಶಿಯಿಂದ ಮತ್ತ ಹಳೇದು ತಂದು ಕೂಡ್ಸೇನ್ರಿ. ವೈನಿಗೆ ಮಾತು ಕೊಟ್ಟಿದ್ದೆ. ಹಂಗಾದ್ರ ಈ ಹೊಸಾದು ಎಲ್ಲಿಂದ ಬಂತು?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರ ಮುಖವೂ ಒಂದೇ ಕಡೆ ತಿರುಗಿತು. ಕರ್ನಲ್ ಸಾಹೇಬರು ಬೇವಿನ ಮರದ ತುದಿಯಲ್ಲಿ ಯಾವುದೋ ಹಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅವರ ಕಿವಿ ಬ್ಯಾಂಡಿನವರ ಅಂಗಿಯಷ್ಟೇ ಕೆಂಪಾಗಿತ್ತು.

“ಜನರಲ್ ಸಾಹೇಬರು ಬರುತ್ತಾರೆಂದು ಗೊತ್ತಾಯಿತು,” ಎಂದರು ಕೊನೆಗೆ, ಹಕ್ಕಿಯ ಮೇಲಿಂದ ಕಣ್ಣು ತೆಗೆಯದೆ. “ನಿನ್ನೆ ಸಂಜೆ ಫೋರ್‌ಮನ್ ಮಧುಕರನಿಗೆ ಹೇಳಿ ಬದಲಿಸಿದೆ. ಯಾರಿಗೂ ಹೇಳಬೇಡ ಎಂದಿದ್ದೆ.”

ಮೊದಲು ನಕ್ಕವನು ಚಹಾದಂಗಡಿಯವನು. ಅವನಿಗೆ ಏನೂ ತಿಳಿದಿರಲಿಲ್ಲ, ಕರ್ನಲರ ಕಿವಿ ನೋಡಿ ನಕ್ಕ. ಆಮೇಲೆ ರಾಚಪ್ಪ ನಕ್ಕ, ಲಾಲಸಾಬ ನಕ್ಕ, ತುತ್ತೂರಿಯವರು ನಕ್ಕರು. ಕೊನೆಗೆ ಕರ್ನಲ್ ಸಾಹೇಬರೇ ಮರಕ್ಕೆ ಕೈಯಾನಿಸಿ ಭುಜ ಕುಣಿಸುತ್ತ ನಗತೊಡಗಿದರು. ನರಹರಿರಾಯರ ಕೈ ಹಿಡಿದು ಕುಲುಕಿ, “ನಾನೇ ನಂಬಿಬಿಟ್ಟೆನಲ್ಲ ಮಾರಾಯರೇ. ಯಾವ ಮುಖ ಇಟ್ಟುಕೊಂಡು ನಿಮ್ಮ ವಿಭಾಗ ಮುಚ್ಚಲಿ? ಹೋಗಿ, ನಿಮ್ಮ ಫಲಕಕ್ಕೆ ಹೊಸ ಬಣ್ಣ ಹಚ್ಚಿಸಿಕೊಳ್ಳಿ,” ಎಂದರು. ನರಹರಿರಾಯರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಐವತ್ತು ದಾಟಿದ ಮನುಷ್ಯ, ಧೋತರದ ಕಾಲಾಗಿದ್ದರೆ ಎಡವಿ ಬೀಳುತ್ತಿದ್ದರು, ಪ್ಯಾಂಟಿತ್ತೆಂದು ಬಚಾವು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪುರಾವೆಯ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ! ಕರ್ನಲ್ ಸಾಹೇಬರಿಗೆ ನೆನಪಾಯಿತು. ಬಿಚ್ಚಿದ ಪಂಪನ್ನು ಮಧುಕರ ಇದೇ ಲಾರಿಯ ಹತ್ಯಾರದ ಪೆಟ್ಟಿಗೆಯಲ್ಲಿ ಹಾಕಿದ್ದ. “ತನ್ನಿ ಇತ್ತ. ಬಿಚ್ಚಿ ನೋಡೇಬಿಡೋಣ.” ಚಹಾದಂಗಡಿಯ ಬೆಂಚಿನ ಮೇಲೆ ಪಂಪನ್ನಿಟ್ಟು ತಿರುಪುಮೊಳೆಗಳನ್ನು ಅವರೇ ಬಿಚ್ಚಿದರು. ಒಳಗಿನ ರಬ್ಬರಿನ ಪರದೆಯನ್ನು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದರು. ನಡುವೆ ಉದ್ದಕ್ಕೂ ಹರಿದಿತ್ತು. ಹರುಕಿನಿಂದ ಚಾಂದವಡದ ಬಿಸಿಲು ಕಾಣುತ್ತಿತ್ತು.

ಮುಂದೆ ಆದದ್ದನ್ನು ಆ ಊರಿನವರು ಬಹಳ ದಿನ ಹೇಳಿಕೊಂಡು ತಿರುಗಿದರು. ರಾಚಪ್ಪ ಡೋಲಿಗೆ ಬಡಿದ. ತುತ್ತೂರಿಗಳು ಎದ್ದವು. ಹೆದ್ದಾರಿಯ ಬದಿಯಲ್ಲಿ, ಈರುಳ್ಳಿ ಮೂಟೆಗಳ ನಡುವೆ, ಸೈನ್ಯದ ಬ್ಯಾಂಡು ಒಂದು ಹರಿದ ರಬ್ಬರಿನ ಗೌರವಾರ್ಥ ಭರ್ಜರಿ ಕುಣಿತದ ಹಾಡು ಬಾರಿಸಿತು. ಲಾಲಸಾಬ ನರಹರಿರಾಯರನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಈರುಳ್ಳಿ ಲಾರಿಯ ಡ್ರೈವರುಗಳು ತಲೆಯ ವಸ್ತ್ರ ಬಿಚ್ಚಿ ಬೀಸುತ್ತ ಕುಣಿದರು. ಮುದ್ದಣ್ಣ ಮಾತ್ರ ಕುಣಿಯದೆ ಬೇವಿನ ಮರದ ಹಿಂದೆ ನಿಂತಿದ್ದ.

ಹೆಗಲ ಮೇಲೆ ಕೂತ ನರಹರಿರಾಯರ ಕಣ್ಣು ಬೆಂಚಿನ ಮೇಲಿದ್ದ ಪಂಪಿನ ಮೇಲೆ ಬಿತ್ತು. ಬ್ಯಾಂಡಿನ ಲಾರಿಯ ಪಂಪನ್ನು ಅವರು ಎಷ್ಟೋ ಸಲ ಮುಟ್ಟಿ ನೋಡಿದ್ದರು. ಅದರ ಮೈಗೆ ಹಿಂದೆಂದೋ ಸುತ್ತಿಗೆ ತಾಗಿ ಒಂದು ನಗ್ಗು ಬಿದ್ದಿತ್ತು. ಈ ಪಂಪಿನ ಮೈ ನುಣ್ಣಗಿತ್ತು. ಇದು ಆ ಪಂಪಲ್ಲ. ಗುಜರಿ ರಾಶಿಗೆ ಕೈ ಹಾಕಿದ ಮುದ್ದಣ್ಣ ಅಲ್ಲಿದ್ದ ಹತ್ತಾರು ಪಂಪುಗಳಲ್ಲಿ ಒಂದನ್ನು ತಂದಿದ್ದ. “ಸಾಹೇಬ್, ಇದು...” ಎಂದು ಬಾಯಿ ತೆಗೆದರು. ತುತ್ತೂರಿ ಇನ್ನೂ ಜೋರಾಯಿತು. ಇನ್ನೊಮ್ಮೆ ಕೂಗಿದರು. ಹಾಡಿಗೆ ಭಲೆ ಅನ್ನುತ್ತಿದ್ದಾರೆಂದು ಎಲ್ಲರೂ ಕೈ ಎತ್ತಿ ಕೂಗಿದರು. ಮೂರನೆಯ ಸಲ ನರಹರಿರಾಯರು ಕೂಗಲಿಲ್ಲ.

ಔರಂಗಾಬಾದಿಗೆ ಲಾರಿ ಹೊತ್ತಿಗೆ ಮೊದಲೇ ಮುಟ್ಟಿತು. ಸಂಜೆ ಮೈದಾನದಲ್ಲಿ ಬ್ಯಾಂಡು ಬಾರಿಸುವಾಗ ನರಹರಿರಾಯರು ಜನರಲ್ ಸಾಹೇಬರನ್ನು ನೋಡಲಿಲ್ಲ, ಬೇಲಿಯ ಕಡೆ ನೋಡುತ್ತಿದ್ದರು. ಕಿತ್ತಳೆ ಬಣ್ಣದ ಹೊಸ ಸೀರೆಯುಟ್ಟ ಒಬ್ಬಳು ಮುದುಕಿ ತಂತಿ ಹಿಡಿದು ನಿಂತು, ಡೋಲಿನ ಪೆಟ್ಟು ಬಿದ್ದಾಗಲೆಲ್ಲ ತಲೆ ತೂಗುತ್ತಿದ್ದಳು. ಡೋಲಿಗೂ ಅವಳ ತಲೆಗೂ ಒಂದು ಸಲವೂ ತಾಳ ತಪ್ಪಲಿಲ್ಲ.

ಹರಿದ ರಬ್ಬರನ್ನು ಕರ್ನಲ್ ಸಾಹೇಬರು ಗಾಜಿನ ಚೌಕಟ್ಟು ಹಾಕಿಸಿ ವರ್ಕ್‌ಶಾಪಿನ ದೊಡ್ಡ ಗೋಡೆಗೆ ತೂಗಿಸಿದರು. ಬಂದ ಸಾಹೇಬರಿಗೆಲ್ಲ ಅದನ್ನು ತೋರಿಸಿ ಕಥೆ ಹೇಳುತ್ತಿದ್ದರು. ಹೇಳುವಾಗ ತಮ್ಮ ಕಿವಿ ಕೆಂಪಾದದ್ದನ್ನು ಮಾತ್ರ ಬಿಡುತ್ತಿದ್ದರು. ಒಂದು ಫ್ಯಾನ್ ಬೆಲ್ಟಿನ ಬಗ್ಗೆ ಒಂದು ತಾಸು ಮಾತಾಡಬಲ್ಲ ನರಹರಿರಾಯರು ಆ ಚೌಕಟ್ಟಿನ ಮುಂದೆ ಹಾದಾಗ “ಹೂಂ, ಹರಿದಿತ್ತು” ಎಂದಷ್ಟೇ ಹೇಳಿ ಮುಂದೆ ನಡೆಯುತ್ತಿದ್ದರು. ಮಂದಿ ಅದನ್ನು ವಿನಯ ಅಂದುಕೊಂಡರು. ಅವರ ಜನ್ಮದಲ್ಲಿ ಮೊದಲ ಸಲ ಆ ಹೆಸರು ಬಂತು, ಅದೂ ತಪ್ಪಿ ಬಂತು.

ಮುಂದೆ ಬಂದ ಆಗಸ್ಟ್ ಹದಿನೈದಕ್ಕೆ ನೌಕರರ ಮನೆಯವರನ್ನೂ ವರ್ಕ್‌ಶಾಪಿಗೆ ಕರೆದಿದ್ದರು. ಸಾವಿತ್ರಿಬಾಯಿ ಜರಿಯಂಚಿನ ಸೀರೆಯುಟ್ಟು ಬಂದಳು. ಕರ್ನಲ್ ಸಾಹೇಬರೇ ಅವಳನ್ನು ಗೋಡೆಯ ಹತ್ತಿರ ಕರೆದೊಯ್ದು ಗಾಜಿನೊಳಗಿನ ರಬ್ಬರನ್ನು ತೋರಿಸಿ, ನಿಮ್ಮ ಯಜಮಾನರು ದೊಡ್ಡವರು ಎಂದು ಹೊಗಳಿ ಹೋದರು. ಗಂಡ ಹೆಂಡತಿ ಇಬ್ಬರೇ ಉಳಿದರು.

ನರಹರಿರಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಇದು ನಮ್ಮ ಗಾಡೀದಲ್ಲ.”

“ಗೊತ್ತದ,” ಎಂದಳು ಸಾವಿತ್ರಿಬಾಯಿ. “ಮುದ್ದಣ್ಣ ಮರುದಿನಾನ ಬಂದು ಹೇಳ್ಯಾನ. ಕಾಲಿಗೆ ಬಿದ್ದು ಅತ್ತಾನ. ನಿಮಗ ತಿಳದ್ರ ಎದಿ ಒಡದೀತು ಅಂತ ನಾ ಹೇಳಲಿಲ್ಲ.”

“ನಾನೂ ಅದಕ್ಕ ನಿನಗ ಹೇಳಲಿಲ್ಲ.”

ಇಬ್ಬರಿಗೂ ನಗು ಬಂತು. ಸುತ್ತಲೂ ಜನ, ನಗುವಂತಿಲ್ಲ, ಸಾವಿತ್ರಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಇಳಿದ ಮೇಲೆ ಕೇಳಿದಳು. “ಹಂಗಾರ ನಮ್ಮ ಗಾಡಿ ಪಂಪ್ ಎಲ್ಲಿ ಹೋತು?”

“ಗುಜರಿ ಹರಾಜಿನ್ಯಾಗ ಹೋತು. ಕರಗಿಸ್ಯಾರ ಅದನ್ನ. ಕೆಟ್ಟಿತ್ತೋ ಚಲೋ ಇತ್ತೋ, ಇನ್ನ ಯಾರಿಗೂ ತಿಳಿಯೂದಿಲ್ಲ.”

ನರಹರಿರಾಯರು ಹೆಂಡತಿಯ ಕಡೆ ತಿರುಗಿದರು. ಇಷ್ಟು ವರ್ಷದ ಸಂಸಾರದಲ್ಲಿ, ಗಾಡಿಯ ವಿಷಯದಲ್ಲಿ, ಅವರು ಇನ್ನೊಬ್ಬರ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

“ನಿನಗೇನನಸ್ತದ? ಅದು ಕೆಡತಿತ್ತೇನು?”

ಸಾವಿತ್ರಿಬಾಯಿಗೆ ಪಂಪಿನ ತಲೆ ಯಾವುದು ಬುಡ ಯಾವುದು ಎಂದು ಗೊತ್ತಿರಲಿಲ್ಲ. ಗಂಡನ ಮುಖ ನೋಡಿದಳು. ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ನಿಂತವನ ಮುಖದ ಹಾಗಿತ್ತು ಅದು.

“ಅದರಾಗ ಕೇಳೂದೇನದ,” ಎಂದಳು. “ಚಾಂದವಡ ದಾಟ್ತಿದ್ದಿಲ್ಲ ಬಿಡ್ರಿ.”

ನರಹರಿರಾಯರ ಮುಖ ಅರಳಿತು. ಇಷ್ಟು ವರ್ಷ ಕಾಯ್ದ ಪುರಾವೆ ಅಂತೂ ಅವರ ಕೈಸೇರಿತ್ತು.